ಅಷ್ಟು ದೂರ ಹೋಗಿ ಪ್ಲೂಟೋದಲ್ಲಿ ಯಾಕೆ ಇಳಿಯಲಿಲ್ಲ?

ಪಿಲಿಕುಳದ ತಾರಾಲಯಕ್ಕೆ ನೆಂಟರ ಜೊತೆ ಹೋದರೂ, ಉಡುಪಿಯ ಶಾಲೆಗಳಲ್ಲಿ ಮಕ್ಕಳ ಹತ್ತಿರ ಆಕಾಶದ ಬಗ್ಗೆ ಮಾತಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ. "ಒಂಬತ್ತೂವರೆ ವರ್ಷ ಹೋದ ನೌಕೆ ಅಲ್ಲಿ ಇಳಿಯದೆ ಹಾಗೇ ಮುಂದೆ ಹೋಯ್ತಲ್ಲ, ಎಂತ ಮಾರಾಯ್ರೆ ಅದು?" ಕೇಳುವವರಿಗೆ ನಿಜಕ್ಕೂ ಬೇಸರ ಇರುತ್ತದೆ.

ನಿಲ್ಲುವ ಹಾಗೇ ಇರಲಿಲ್ಲ. ನಾಸಾದ ನ್ಯೂ ಹೊರೈಜನ್ಸ್ ಹೊರಟದ್ದು 2006ರ ಜನವರಿ 19ರಂದು, ಪ್ಲೂಟೋ ದಾಟಿದ್ದು 2015ರ ಜುಲೈ 14ರಂದು. ಆಗ ಅದರ ವೇಗ ಸೆಕೆಂಡಿಗೆ ಸುಮಾರು 14 ಕಿ.ಮೀ. ಮಂಗಳೂರು ಬಿಟ್ಟು ನಾಲ್ಕೈದು ಸೆಕೆಂಡಿನಲ್ಲಿ ಉಡುಪಿ ಮುಟ್ಟಿದ ಹಾಗೆ. ಅದಕ್ಕೆ ಬ್ರೇಕ್ ಹಾಕಲು ರಾಶಿ ಇಂಧನ ಬೇಕು. ಅಷ್ಟನ್ನು ಹೊತ್ತರೆ ನೌಕೆ ಭಾರವಾಗಿ, ಆ ವೇಗದಲ್ಲಿ ಹೊರಡಲಿಕ್ಕೇ ಆಗುವುದಿಲ್ಲ. ಮಂಗಳ ಗ್ರಹದಲ್ಲಾದರೆ ಅಲ್ಲಿನ ಗಾಳಿ ವೇಗ ತಗ್ಗಿಸುತ್ತದೆ. ಪ್ಲೂಟೋದ ಗಾಳಿಯ ಒತ್ತಡ ನಮ್ಮದರ ಲಕ್ಷದಲ್ಲಿ ಒಂದು ಪಾಲಿನಷ್ಟೇ. ಪ್ಯಾರಾಚೂಟ್ ಬಿಚ್ಚಿ ಏನೂ ಪ್ರಯೋಜನ ಇಲ್ಲ. ಸೆಳೆತವೂ ಕಮ್ಮಿ, ಯಾಕೆಂದರೆ ಪ್ಲೂಟೋ ನಮ್ಮ ಚಂದ್ರನಿಗಿಂತ ಚಿಕ್ಕದು.

ಹಾಗಾಗಿ ಇದ್ದದ್ದು ಒಂದೇ ಅವಕಾಶ. ರೇಡಿಯೊ ಸಂದೇಶ ಹೋಗಲು ನಾಲ್ಕೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಭೂಮಿಯಿಂದ ಕ್ಯಾಮೆರಾ ತಿರುಗಿಸುವ ಮಾತೇ ಇಲ್ಲ. ಏನೇನು ಮಾಡಬೇಕೆಂದು ಮೊದಲೇ ಬರೆದು ಕಳಿಸಿದ್ದರು. ಹತ್ತು ದಿನ ಮೊದಲು, ಜುಲೈ 4ರಂದು, ಕಂಪ್ಯೂಟರಿಗೆ ಕೆಲಸ ಜಾಸ್ತಿಯಾಗಿ ನೌಕೆ ಸೇಫ್ ಮೋಡಿಗೆ, ಅಂದರೆ ತೀರಾ ಬೇಕಾದ್ದು ಬಿಟ್ಟು ಉಳಿದ ಕೆಲಸ ನಿಲ್ಲಿಸುವ ಸ್ಥಿತಿಗೆ, ಹೋಯಿತು. ತಂಡದವರು ಹಗಲು ರಾತ್ರಿ ಕೂತು ಸರಿಮಾಡಿದರು. ಆಂಟೆನಾ, ಕ್ಯಾಮೆರಾ ಎರಡೂ ನೌಕೆಗೇ ಬಿಗಿದಿದ್ದರಿಂದ ಫೋಟೊ ತೆಗೆಯುವಾಗ ಭೂಮಿಯ ಜೊತೆ ಮಾತಿಲ್ಲ. ಅಷ್ಟು ದೂರದಿಂದ ಮಾಹಿತಿ ಬರುವುದೂ ನಿಧಾನ. ಪೂರ್ತಿ ಮಾಹಿತಿ ಬಂದು ಮುಗಿದದ್ದು 2016ರ ಅಕ್ಟೋಬರಿನಲ್ಲಿ!

ಸುಮ್ನೆ ದಾಟಿ ಹೋದದ್ದು ಅನ್ನುವವರಿಗೆ ನಾನು ಸ್ಪುಟ್ನಿಕ್ ಪ್ಲಾನಿಟಿಯಾದ ಚಿತ್ರ ತೋರಿಸುತ್ತೇನೆ. ಅದು ಸುಮಾರು ಸಾವಿರ ಕಿ.ಮೀ. ಅಗಲದ ನೈಟ್ರೋಜನ್ ಹಿಮದ ಬಯಲು. ಅದರಲ್ಲಿ ಒಂದೇ ಒಂದು ಉಲ್ಕೆ ಕುಳಿ ಕಾಣಲಿಲ್ಲ. ಹಳೆಯ ನೆಲವಾದರೆ ಕುಳಿಗಳು ಇರಲೇಬೇಕಿತ್ತು. ಅಂದರೆ ಆ ನೆಲ ಹೊಸದು, ಈಗಲೂ ಬದಲಾಗುತ್ತಾ ಇದೆ. ಬಯಲಿನ ತುಂಬ ಹತ್ತಾರು ಕಿ.ಮೀ. ಅಗಲದ, ಹಲವು ಮೂಲೆಗಳ ಅಂಕಣಗಳು, ಸುತ್ತ ತಗ್ಗಾದ ಗೆರೆ, ನಡುವೆ ಸ್ವಲ್ಪ ಉಬ್ಬು. ಒಳಗಿನ ಸಣ್ಣ ಶಾಖಕ್ಕೆ ಕೆಳಗಿನ ಹಿಮ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಮೇಲೆ ಬಂದು, ತಣ್ಣಗಾಗಿ, ಅಂಚಿನಲ್ಲಿ ಮತ್ತೆ ಇಳಿಯುತ್ತದೆ. ಮೈನಸ್ 230 ಡಿಗ್ರಿ ಚಳಿಯಲ್ಲಿ ಇದು ನಡೆಯುತ್ತಿದೆ! ನೀರಿನ ಹಿಮ ನೈಟ್ರೋಜನ್ ಹಿಮಕ್ಕಿಂತ ಹಗುರ. ಅದಕ್ಕೇ ಗುಡ್ಡದಷ್ಟು ದೊಡ್ಡ ನೀರಿನ ಹಿಮದ ತುಂಡುಗಳು ಆ ಬಯಲಿನ ಮೇಲೆ ತೇಲಿಕೊಂಡು ಬಂದು ಅಂಚಿನಲ್ಲಿ ಗುಂಪಾಗಿ ನಿಂತಿವೆ. ಹತ್ತಿರದ ಬೆಟ್ಟಸಾಲಿಗೆ ಎವರೆಸ್ಟ್ ಹತ್ತಿದ ತೇನ್ಸಿಂಗ್ ನೋರ್ಗೆ ಅವರ ಹೆಸರಿಟ್ಟಿದ್ದಾರೆ. ಆ ಶಿಖರಗಳೂ ನೀರಿನ ಹಿಮದವೇ.

2006ರ ಆಗಸ್ಟಿನಲ್ಲಿ ಪ್ಲೂಟೋವನ್ನು ಕುಬ್ಜ ಗ್ರಹ ಅಂತ ಮಾಡಿದರು. ಗ್ರಹವೇ ಅಲ್ಲದ್ದನ್ನು ನೋಡಿ ಏನು ಸಿಗುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ನೆಲ ಇಷ್ಟು ಜೀವಂತವಾಗಿರುವಾಗ ಆ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುವುದಿಲ್ಲ.

ಇಳಿಯದ ನಷ್ಟ ಬೇರೆ ಕಡೆ ಇದೆ. ಪ್ಲೂಟೋ ಒಂದು ಸುತ್ತು ತಿರುಗಲು ಆರು ದಿನಕ್ಕಿಂತ ಜಾಸ್ತಿ ಬೇಕು. ನೌಕೆ ಹತ್ತಿರ ಬಂದಾಗ ಒಂದು ಮುಖ ಮಾತ್ರ ಚೆನ್ನಾಗಿ ಕಂಡಿತು. ಇನ್ನೊಂದು ಮುಖದ ಚಿತ್ರ ತೆಗೆದದ್ದು ಕೆಲವು ದಿನ ಮೊದಲು, ಲಕ್ಷಗಟ್ಟಲೆ ಕಿ.ಮೀ. ದೂರದಿಂದ. ಅದು ಮಸುಕು. ದಕ್ಷಿಣದ ದೊಡ್ಡ ಭಾಗ ಕತ್ತಲಲ್ಲೇ ಇತ್ತು. ಪ್ಲೂಟೋದ ಸುತ್ತ ವರ್ಷಗಟ್ಟಲೆ ತಿರುಗುವ ನೌಕೆಯ ಯೋಜನೆಯನ್ನು ವಿಜ್ಞಾನಿಗಳು ಬರೆದು ತೋರಿಸಿದ್ದಾರೆ. ನಿಧಾನವಾಗಿ ಹೋಗಬೇಕಾದ್ದರಿಂದ ಪ್ರಯಾಣಕ್ಕೇ 25 ವರ್ಷಕ್ಕಿಂತ ಜಾಸ್ತಿ. ಇನ್ನೂ ಮಂಜೂರಾಗಿಲ್ಲ. ಇಳಿಯುವುದಕ್ಕಿಂತ ಮೊದಲು ಅದು ಆಗಬೇಕು ಅಂತಲೇ ನಾನು ಹೇಳುತ್ತೇನೆ. ಎಲ್ಲಿ ಇಳಿಯಬೇಕು ಅಂತ ತಿಳಿಯಲಿಕ್ಕಾದರೂ ಆ ಇನ್ನೊಂದು ಮುಖವನ್ನು ಸರಿಯಾಗಿ ನೋಡಬೇಕು, ಅಲ್ವಾ?