ಉಂಗುರದ ಕತೆ ಉಡುಪಿಗೆ: ಯಾವ ಪ್ರತಿ ತರಲಿ?

ನಾನಿರುವ ಇಂಗ್ಲೆಂಡಿನ ಲೀಡ್ಸ್‌ನ ವಿಶ್ವವಿದ್ಯಾಲಯದಲ್ಲಿ, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಬರೆದ ಟೋಲ್ಕಿನ್ 1920ರಿಂದ 1925ರವರೆಗೆ ಪಾಠ ಮಾಡಿದ್ದರು. ಇಷ್ಟು ಗೊತ್ತಾದದ್ದೇ ತಡ, ಉಡುಪಿಯಲ್ಲಿರುವ ಅಕ್ಕನ ಮಗಳಿಂದ ಅಪ್ಪಣೆ ಬಂತು: “ಮಾವ, ಈ ಸಲ ಚಾಕಲೇಟು ಬೇಡ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ತನ್ನಿ, ಒಳ್ಳೇ ಪ್ರತಿ ಆಗ್ಬೇಕು.” ಹಿಂದಿನಿಂದ ಅಕ್ಕನ ಸ್ವರ: “ಎಂತಕ್ಕೆ ಮಾರಾಯ, ಒರಲೆಗೆ ಹಾಕ್ಲಿಕ್ಕಾ?”

ಅಕ್ಕ ಹೇಳಿದ್ದರಲ್ಲಿ ಅರ್ಥ ಉಂಟು. ಇಲ್ಲಿನ ಅಂಗಡಿಗಳಲ್ಲಿ ಈ ಕತೆಗೆ ಎಷ್ಟು ವೇಷಗಳಿವೆ ಎಂದರೆ ತಲೆ ತಿರುಗುತ್ತದೆ. ಚರ್ಮದಂತೆ ಕಾಣುವ ಹೊದಿಕೆ, ಚಿನ್ನದ ಅಕ್ಷರ, ರೇಷ್ಮೆ ರಿಬ್ಬನ್ನು, ಮೇಲೊಂದು ರಟ್ಟಿನ ಪೆಟ್ಟಿಗೆ. ಆಟಿ ತಿಂಗಳ ಜಡಿಮಳೆಯ ಉಡುಪಿಯಲ್ಲಿ ಇದರಲ್ಲಿ ಎಷ್ಟು ಉಳಿದೀತು? ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದ ಹೊದಿಕೆ ಕೆಲವು ವರ್ಷಗಳಲ್ಲೇ ಹೊಪ್ಪಳೆ ಏಳುತ್ತದೆ. ನಿಜವಾದ ಚರ್ಮವಾದರೂ ಬೂಷ್ಟು ಬಿಡುವುದಿಲ್ಲ. ಪುಟಗಳ ಮೇಲಂಚಿಗೆ ಹಾಕಿದ ಚಿನ್ನದ ಲೇಪ ಮಾತ್ರ ಬರೀ ಶೋಕಿಯಲ್ಲ, ಒಳಗೆ ಧೂಳು ಇಳಿಯದಂತೆ ತಡೆಯುತ್ತದೆ.

ನಾನು ಮೊದಲು ನೋಡುವುದು ಪುಸ್ತಕದ ಬೆನ್ನನ್ನು. ಮೇಲಿನಿಂದ ಕಣ್ಣು ಹಾಯಿಸಿದರೆ ಸಣ್ಣ ಸಣ್ಣ ಮಡಿಕೆಗಳ ಕಟ್ಟು ಕಾಣಬೇಕು. ಒಂದು ಮಡಿಕೆಯ ನಡುಪುಟ ಬಿಡಿಸಿದರೆ ದಾರ ಸಿಗಬೇಕು. ದಾರವಿದ್ದರೆ ಅದು ಹೊಲಿದ ಪುಸ್ತಕ, ಮೇಜಿನ ಮೇಲೆ ತನ್ನಷ್ಟಕ್ಕೆ ಬಿಡಿಸಿಕೊಂಡು ಕೂರುತ್ತದೆ. ಬರೀ ಗಮ್ಮು ಹಾಕಿದ್ದಾದರೆ ಸಾವಿರಕ್ಕೂ ಹೆಚ್ಚು ಪುಟದ ಭಾರಕ್ಕೆ ಬೆನ್ನು ಬಿರಿದು ಹಾಳೆಗಳು ಕಳಚಿಕೊಳ್ಳುತ್ತವೆ, ಬೆಲೆ ಎಷ್ಟೇ ಇರಲಿ. ದಪ್ಪ ಪುಸ್ತಕದ ಕಷ್ಟ ಮಂಗಳೂರಿಗೆ ಹೊಸತೂ ಅಲ್ಲ. 1,700ಕ್ಕೂ ಮಿಕ್ಕಿ ಪುಟಗಳ ಕಿಟೆಲ್ ನಿಘಂಟನ್ನು ಬಾಸೆಲ್ ಮಿಷನ್ 1894ರಲ್ಲಿ ಹೊರತಂದದ್ದು ಅಲ್ಲಿಂದಲೇ ಅಲ್ಲವೇ?

ಆಮೇಲೆ ಒಳಗಿನ ಪಾಠ, ಅಂದರೆ ಅಚ್ಚಾದ ಬರಹ ಎಷ್ಟು ಸರಿಯಾಗಿದೆ ಎಂಬುದು. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ, ನನಗೆ ಇದೇ ಮುಖ್ಯ. ಮೊದಲ ಭಾಗ ಬಂದದ್ದು 1954ರ ಜುಲೈಯಲ್ಲಿ, ಮೂರನೆಯದು 1955ರ ಅಕ್ಟೋಬರಿನಲ್ಲಿ. ಬರೆದವರ ಲೆಕ್ಕದಲ್ಲಿ ಇದು ಒಂದೇ ಕಾದಂಬರಿ. ಕಾಗದ ತುಟ್ಟಿಯಾಗಿದ್ದ ಕಾಲ, ಪ್ರಕಾಶಕರು ಮೂರು ಮಾಡಿದರು. ಮೊದಲ ಭಾಗದ ಪ್ರತಿಗಳು ಬೇಗ ಮುಗಿದವು. ಮರುಮುದ್ರಣದ ಹೊತ್ತಿಗೆ ಅಚ್ಚುಮೊಳೆಗಳನ್ನು ಬಿಚ್ಚಿಯಾಗಿತ್ತು. ಮುದ್ರಕರು ಲೇಖಕರಿಗೆ ತಿಳಿಸದೆ ಮತ್ತೆ ಮೊಳೆ ಜೋಡಿಸಿದರು, ಹೊಸ ತಪ್ಪುಗಳು ಸೇರಿಕೊಂಡವು. ಅವು ದಶಕಗಳ ಕಾಲ ಮುದ್ರಣದಿಂದ ಮುದ್ರಣಕ್ಕೆ ದಾಟುತ್ತ ಹೋದವು. 2004ರಲ್ಲಿ ಐವತ್ತನೇ ವರ್ಷದ ಆವೃತ್ತಿಗಾಗಿ ಟೋಲ್ಕಿನ್ ವಿದ್ವಾಂಸರಾದ ವೇಯ್ನ್ ಹ್ಯಾಮಂಡ್ ಮತ್ತು ಕ್ರಿಸ್ಟಿನಾ ಸ್ಕಲ್ ದಂಪತಿ ಕೂತು 300ರಿಂದ 400 ತಿದ್ದುಪಡಿ ಮಾಡಿದರು. ಹಾಗಾಗಿ ಹಳೆಯದೆಲ್ಲ ಚಿನ್ನ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕೂಡಿಡುವವರಿಗೆ 1954ರ ಪ್ರತಿ ಇರಲಿ, ಓದುವವರು 2004ರ ನಂತರದ ಪಾಠವನ್ನೇ ಹುಡುಕಬೇಕು. ಆರಂಭದ ಪುಟಗಳಲ್ಲಿರುವ ಪಾಠದ ಕುರಿತ ಟಿಪ್ಪಣಿ ನೋಡಿದರೆ ಗೊತ್ತಾಗುತ್ತದೆ.

ಆ ಆವೃತ್ತಿಯಲ್ಲಿ ಇನ್ನೊಂದು ಖುಷಿ ಉಂಟು. ಕತೆಯಲ್ಲಿ ಮೋರಿಯಾ ಗಣಿಯೊಳಗೆ ಕುಳ್ಳ ಜನಾಂಗದವರ ಹರಿದ, ಸುಟ್ಟ ದಫ್ತರವೊಂದು ಸಿಗುತ್ತದಲ್ಲ, ಅದರ ಹಾಳೆಗಳನ್ನು ಟೋಲ್ಕಿನ್ ತಾವೇ ಬರೆದು, ಪೈಪಿನ ಕೆಂಡದಿಂದ ಅಂಚು ಸುಟ್ಟು, ಹರಿದು ತಯಾರಿಸಿದ್ದರು. ಬಣ್ಣದಲ್ಲಿ ಅಚ್ಚು ಹಾಕುವ ಖರ್ಚಿಗೆ ಹೆದರಿ 1954ರಲ್ಲಿ ಪ್ರಕಾಶಕರು ಅವನ್ನು ಬಿಟ್ಟಿದ್ದರು. ಐವತ್ತು ವರ್ಷ ಕಳೆದು ಅವು ಕಾದಂಬರಿಯೊಳಗೆ ಬಂದವು. ನೋಡಿದರೆ ನಮ್ಮ ಹಳೇ ಮನೆಯ ಅಟ್ಟದಲ್ಲಿ ಒರಲೆ ತಿಂದ ಕಡತದ ಹಾಗೆಯೇ ಇವೆ!

ಚಿತ್ರ ಬೇಕೆನ್ನುವವರಿಗೆ ಆಲನ್ ಲೀ ಅವರ 50 ಜಲವರ್ಣ ಚಿತ್ರಗಳಿರುವ ಪ್ರತಿ ಉಂಟು, ಮೊದಲು ಬಂದದ್ದು 1991ರಲ್ಲಿ. ಮಬ್ಬು, ಮಳೆ, ಪಾಚಿ ಹಿಡಿದ ಕಲ್ಲು. ಆಗುಂಬೆ ಘಾಟಿ ನೋಡಿದವರಿಗೆ ಹೊಸದೇನಲ್ಲ, ಆದರೂ ಕಣ್ಣು ಕೀಳಲಾಗದು. ತೂಕ ಮಾತ್ರ ವಿಪರೀತ. ಮಲಗಿಕೊಂಡು ಓದುವ ಹುಡುಗಿಗೆ ಎದೆಯ ಮೇಲಿಟ್ಟರೆ ಉಸಿರು ಕಟ್ಟೀತು.

ಆದ್ದರಿಂದ ಮೂರು ಸಂಪುಟಗಳ, ಬಟ್ಟೆಯ ರಟ್ಟಿನ, ಹೊಲಿಗೆ ಹಾಕಿದ ಸೆಟ್ ನೋಡಿಟ್ಟಿದ್ದೇನೆ. ಮಳೆಗಾಲ ಕಳೆದ ಮೇಲೇ ತರುತ್ತೇನೆ ಎಂದಿದ್ದೇನೆ. ತೇವ, ಒರಲೆ ಹತ್ತದಂತೆ ಅಕ್ಕ ಅಷ್ಟರೊಳಗೆ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿಡಬೇಕು. ಇಟ್ಟ ಪುಸ್ತಕವನ್ನು ವರ್ಷಗಟ್ಟಲೆ ಮುಟ್ಟದೆ ಬಿಡುವ ಅಭ್ಯಾಸ ಭಾವನದು, ಅವರ ಕೈಗೆ ಕೀಲಿಕೈ ಕೊಡುವುದು ಬೇಡ.