ಗದ್ದೆಗೆ ಗರಸು ಬಿದ್ದ ಮೇಲೆ

ಹಂಪಿಯ ಎದುರು ದಂಡೆಯ ಆನೆಗೊಂದಿ, ಸಾಣಾಪುರ, ಹನುಮನಹಳ್ಳಿ ಕಡೆ ರೆಸಾರ್ಟ್ ಜಾಸ್ತಿ ಆದವು ಅಂತ ಎಲ್ಲರೂ ಮಾತಾಡುತ್ತಾರೆ. ಸ್ಮಾರಕ ಹಾಳಾಗುತ್ತದೆ, ರಾತ್ರಿ ಪಾರ್ಟಿ ಗಲಾಟೆ, ಇಷ್ಟೇ. ನೀರಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ನಮ್ಮ ಕಡೆ ಗದ್ದೆಯ ಒಂದೊಂದು ಮಡಿಗೂ ಬೇರೆ ಬೇರೆ ಪೈಪ್ ಇರುವುದಿಲ್ಲ. ಕಾಲುವೆಯ ತೂಬಿನಿಂದ ಬಂದ ನೀರು ಮೇಲಿನ ಮಡಿ ತುಂಬಿ, ಬದುವಿನಲ್ಲಿ ಕಡಿದ ಬಾಯಿಯಿಂದ ಕೆಳಗಿನ ಮಡಿಗೆ ಇಳಿದು, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಕೊನೆಗೆ ಹಳ್ಳ ಸೇರಿ ತುಂಗಭದ್ರಾ ಹೊಳೆಗೆ ಬೀಳುತ್ತದೆ. ವಿಜಯನಗರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುವ ಜಾಗ ಇದು. ಈಗ ನಡುವಿನ ಒಬ್ಬರು ಎರಡು ಎಕರೆ ಲೀಸಿಗೆ ಕೊಟ್ಟರು ಅಂದುಕೊಳ್ಳಿ. ಮೊದಲು ಬರುವುದು ಟಿಪ್ಪರ್. ಕಾಟೇಜ್ ಮುಂದೆ ಕೆಸರಾಗಬಾರದಲ್ಲ, ಅದಕ್ಕೆ ಗರಸು ಮಣ್ಣು ಸುರಿದು ನೆಲವನ್ನು ಮೊಣಕಾಲೆತ್ತರ ಏರಿಸುತ್ತಾರೆ. ಬದುವಿನ ಬಾಯಿ ಅಲ್ಲಿಗೆ ಮುಚ್ಚಿತು. ಮೇಲಿನವರ ಗದ್ದೆಯಲ್ಲಿ ನೀರು ನಿಂತು ಕೊಯ್ಲಿಗೆ ಮಷಿನ್ ಇಳಿಯುವುದಿಲ್ಲ, ಕೆಳಗಿನವರಿಗೆ ನಾಟಿ ಹೊತ್ತಿಗೆ ನೀರೇ ಬರುವುದಿಲ್ಲ. ಒಂದೆರಡು ಬೆಳೆ ಜಗಳಾಡಿ ನೋಡುತ್ತಾರೆ. ಆಮೇಲೆ ಸಾಕಾಗಿ ಅವರೂ ಲೀಸಿಗೆ ಕೊಡುತ್ತಾರೆ.

ರೈತರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಕಾಕಾ ಒಬ್ಬರನ್ನು ಕೇಳಿದ್ದಕ್ಕೆ, "ನೀರು ತಿರುವಾಕ ರಾತ್ರಿ ಹೋಗಬೇಕು, ಹಾವು ಬ್ಯಾರೆ. ಲೀಸಿನವ ರೊಕ್ಕ ಕೈಯಾಗ ಇಟ್ಟು ಹೋಗ್ತಾನ. ನೀ ಏನ್ ಹೇಳ್ತಿ ತಮ್ಮಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಬೆಳೆ ಕೈಗೆ ಹತ್ತುತ್ತದೋ ಇಲ್ಲವೋ ಅಂತ ಜೀವ ಹಿಡಿದುಕೊಂಡು ಕೂತವರಿಗೆ ಲೀಸಿನ ದುಡ್ಡು ಬೇಡ ಅನ್ನುವುದು ಸುಲಭ ಅಲ್ಲ.

ಹೊಳೆಯ ನಡುವಿನ ವಿರೂಪಾಪುರ ಗಡ್ಡಿ ನೆನಪಿದೆ ಅಲ್ವಾ? ಅಲ್ಲಿನ ರೆಸಾರ್ಟ್ ಕೆಡವಬೇಕು ಅನ್ನುವ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂದು ರೆಸಾರ್ಟ್‌ಗಳನ್ನೆಲ್ಲ ಕೆಡವಿದವು. ಗಡ್ಡಿ ಖಾಲಿಯಾಯಿತು ನಿಜ, ಆದರೆ ಬರುವ ಜನ ಕಡಿಮೆ ಆಗಲಿಲ್ಲ. ವ್ಯಾಪಾರ ಸುಮ್ನೆ ಸಾಣಾಪುರದ ಕಡೆಗೆ ಸರಿಯಿತು, ಅಂದರೆ ಇನ್ನಷ್ಟು ಗದ್ದೆಗಳ ಮೇಲೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ ಅಂತ ಮೊದಲೇ ಗೊತ್ತಿರಬೇಕಿತ್ತು. ಇದರಲ್ಲಿ ತಮಾಷೆ ಏನೆಂದರೆ, ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿದವರೆಲ್ಲ ಮೊದಲು ಫೋಟೋ ತೆಗೆಯುವುದು ಕೆಳಗಿನ ಹಸಿರು ಗದ್ದೆಯದ್ದೇ.

ಗದ್ದೆಯ ಕಥೆ ಗದ್ದೆಯಲ್ಲೇ ಮುಗಿಯುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅವು ಹೊಳೆದಂಡೆಯ ಬಂಡೆಗಳ ಸಂದಿನಲ್ಲಿ ಮರಿ ಹಾಕುತ್ತವೆ, ಮೀನು ತಿಂದು ಬದುಕುತ್ತವೆ. ನಾವು ಅದೇ ಬಂಡೆಗಳ ಮೇಲೆ ಬಿಯರ್ ಬಾಟಲಿ ಒಡೆಯುತ್ತೇವೆ. ಕಾಟೇಜಿನ ಶೌಚದ ಗುಂಡಿ ತುಂಬಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಬುಕಿಂಗ್ ಮಾಡುವವರು ಒಮ್ಮೆ ಕೇಳಿ ನೋಡಿ.

ಪ್ರವಾಸಿಗರು ಬರಬೇಡಿ ಅನ್ನುತ್ತಿಲ್ಲ. ತೆಪ್ಪ ಹಾಕುವವರು, ಹೋಮ್‌ಸ್ಟೇ ನಡೆಸುವವರು, ಬಾಳೆನಾರಿನ ಬುಟ್ಟಿ ಹೆಣೆಯುವ ಅಕ್ಕಂದಿರು ಎಲ್ಲರೂ ನಮ್ಮವರೇ, ಅವರ ಮನೆ ನಡೆಯುವುದೂ ಇದರಿಂದಲೇ. ನಾನು ಕೇಳುವುದು ಬಹಳ ಚಿಕ್ಕದು. ಗದ್ದೆಯನ್ನು ಕೃಷಿಯೇತರ ಬಳಕೆಗೆ ಬದಲಿಸುವ ಎನ್‌ಎ ಫೈಲಿಗೆ ಸಹಿ ಹಾಕುವ ಮುಂಚೆ ಅಧಿಕಾರಿ ಒಬ್ಬರು ಜಾಗಕ್ಕೆ ಬಂದು, ಹೊಲಗಾಲುವೆ ಎಲ್ಲಿ ಹಾಯ್ದು ಹೋಗುತ್ತದೆ, ಅದರ ಕೆಳಗೆ ಯಾರ ಯಾರ ಗದ್ದೆ ಇದೆ ಅಂತ ಬರೆದುಕೊಳ್ಳಲಿ, ಆ ಗದ್ದೆಯವರನ್ನೂ ಕರೆದು ಕೇಳಲಿ. ಕಟ್ಟುವವರು ಗರಸು ಸುರಿಯುವ ಮುಂಚೆ ನೀರಿನ ದಾರಿಗೆ ಸಿಮೆಂಟ್ ಪೈಪ್ ಹಾಕಿಸಲಿ. ಸ್ವಿಮ್ಮಿಂಗ್ ಪೂಲ್ ಕಟ್ಟುವವರಿಗೆ ಅದೇನು ದೊಡ್ಡ ಖರ್ಚಲ್ಲ.