ಬೆನ್ನು ತಿರುಗಿಸಿದರೆ ಬದಲಾಗುವ ಮನೆ

ಭಯದ ವಿಡಿಯೊ ಆಟಗಳಲ್ಲಿ ಸಾಮಾನ್ಯವಾಗಿ ಆಟಗಾರನ ಕೈಗೆ ಬಂದೂಕನ್ನೋ ಚೂರಿಯನ್ನೋ ಕೊಟ್ಟಿರುತ್ತಾರೆ. ಪೋಲೆಂಡಿನ ಕ್ರಾಕೋವ್ ನಗರದ ಬ್ಲೂಬರ್ ಟೀಮ್ ಎಂಬ ಕಂಪನಿ 2016ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ ‘ಲೇಯರ್ಸ್ ಆಫ್ ಫಿಯರ್’ನಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿ ನಾವು ಕೃತಕ ಕಾಲಿನ ಮೇಲೆ ಕುಂಟುತ್ತಾ ನಡೆಯುವ ಒಬ್ಬ ಚಿತ್ರಕಾರ. ನಮಗಿರುವ ಕೆಲಸವೆಂದರೆ ಖಾಲಿ ಬಂಗಲೆಯೊಂದರಲ್ಲಿ ಓಡಾಡುತ್ತಾ, ಅರ್ಧಕ್ಕೆ ನಿಂತ ಒಂದು ಚಿತ್ರವನ್ನು ಪೂರ್ತಿಗೊಳಿಸುವುದು. ಅದಕ್ಕೆ ಬೇಕಾದ ಸಾಮಗ್ರಿಗಳು ಮನೆಯೊಳಗೇ ಒಂದೊಂದಾಗಿ ಸಿಗುತ್ತವೆ: ಕ್ಯಾನ್ವಾಸಿಗೆ ಚರ್ಮ, ಬಣ್ಣಕ್ಕೆ ರಕ್ತ, ಮೂಳೆಯ ಪುಡಿ, ಕೂದಲಿನ ಕುಂಚ, ಬೆರಳು, ಕೊನೆಗೊಂದು ಕಣ್ಣು.

ಈ ಆಟದ ನಿಜವಾದ ಜಾಣತನವಿರುವುದು ಬಾಗಿಲುಗಳಲ್ಲಿ. ಬಾಗಿಲು ತೆರೆಯಲು ಗುಂಡಿಯೊಂದನ್ನು ಒತ್ತಿದರೆ ಸಾಲದು. ಒತ್ತಿ ಹಿಡಿದುಕೊಂಡೇ ಮೌಸನ್ನು ಎಳೆಯಬೇಕು, ಎಷ್ಟು ಎಳೆಯುತ್ತೇವೋ ಅಷ್ಟೇ ಬಾಗಿಲು ತೆರೆದುಕೊಳ್ಳುತ್ತದೆ. ಹೀಗಾಗಿ ಪ್ರತಿ ಬಾಗಿಲನ್ನೂ ಒಂದು ಗೇಣು ಸರಿಸಿ ಇಣುಕಿ ನೋಡುವ ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ಒಳಗೆ ಹೋಗಿ, ಗೋಡೆಗೆ ತಾಗಿ ದಾರಿ ಮುಗಿಯಿತೆಂದು ಹಿಂದಿರುಗಿದರೆ, ಬಂದ ಬಾಗಿಲಿದ್ದ ಜಾಗದಲ್ಲಿ ಪುಸ್ತಕದ ಕಪಾಟು ನಿಂತಿರುತ್ತದೆ. ನಮ್ಮ ನೋಟ ಅತ್ತ ಇರದ ಆ ಒಂದು ಕ್ಷಣದಲ್ಲಿ ಕೋಣೆಯನ್ನೇ ಬದಲಿಸಿಬಿಡುವುದು ತಾಂತ್ರಿಕವಾಗಿ ಅಷ್ಟೇನೂ ಕಷ್ಟದ ಕೆಲಸವಲ್ಲ. ಆದರೆ ಆಟಗಾರ ಯಾವಾಗ ತಿರುಗುತ್ತಾನೆ, ಯಾಕೆ ತಿರುಗುತ್ತಾನೆ ಎಂಬುದನ್ನು ಮೊದಲೇ ಊಹಿಸಿ, ಒಂದು ಸಣ್ಣ ಶಬ್ದದಿಂದಲೋ ಮಿನುಗುವ ಬೆಳಕಿನಿಂದಲೋ ಅವನ ಕತ್ತನ್ನು ಬೇಕಾದ ದಿಕ್ಕಿಗೆ ಹೊರಳಿಸುವುದರಲ್ಲಿ ಈ ತಂಡದವರಿಗೆ ಒಳ್ಳೆಯ ಹಿಡಿತವಿದೆ.

ಗೋಡೆಗಳ ಮೇಲಿರುವ ಚಿತ್ರಗಳೂ ಸುಮ್ಮನಿರುವುದಿಲ್ಲ. ಲಿಯೊನಾರ್ಡೊ ಡಾ ವಿಂಚಿಯ ‘ಲೇಡಿ ವಿತ್ ಆ್ಯನ್ ಅರ್ಮಿನ್’ ಅವುಗಳಲ್ಲೊಂದು. ಅದರ ಮೂಲಚಿತ್ರವಿರುವುದೂ ಕ್ರಾಕೋವ್‌ನಲ್ಲಿಯೇ ಎಂಬುದನ್ನು ನೆನೆದಾಗ, ತಮ್ಮೂರಿನ ಹೆಮ್ಮೆಯ ಆಸ್ತಿಯನ್ನೇ ಇವರು ಹೀಗೆ ವಿಕಾರಗೊಳಿಸಿದ್ದಾರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಕಥೆ ಚೂರುಚೂರಾಗಿ, ಡ್ರಾಯರುಗಳಲ್ಲಿ ಸಿಗುವ ಪತ್ರಗಳ ಮೂಲಕ ಗೊತ್ತಾಗುತ್ತದೆ. ಚಿತ್ರಕಾರನ ಹೆಂಡತಿ ಪಿಯಾನೊ ವಾದಕಿ. ಬೆಂಕಿ ಅಪಘಾತವೊಂದರಲ್ಲಿ ಆಕೆಯ ಮೈ ಸುಟ್ಟುಹೋಗುತ್ತದೆ. ತನ್ನ ಚಿತ್ರಗಳಿಗೆ ರೂಪದರ್ಶಿಯಾಗಿದ್ದವಳ ಆರೈಕೆಯನ್ನು ಈತ ಕ್ರಮೇಣ ಹೊರೆಯೆಂದು ಬಗೆಯುತ್ತಾನೆ, ಕುಡಿಯುತ್ತಾನೆ, ಮನೆಯ ತುಂಬ ಇಲಿಗಳಿವೆ ಎಂದು ಹಟ ಹಿಡಿಯುತ್ತಾನೆ. ಇಲಿ ಹಿಡಿಯುವವರು ಬಂದು ಹುಡುಕಿ, ಇಲ್ಲಿ ಒಂದೂ ಇಲಿಯಿಲ್ಲವೆಂದು ಬರೆದಿಟ್ಟ ಕಾಗದವನ್ನು ಓದಿದಾಗ ನನಗಾದ ದಿಗಿಲು, ಆಟದ ಯಾವ ಚೀರಾಟದಿಂದಲೂ ಆಗಲಿಲ್ಲ.

ನನ್ನ ತಕರಾರಿರುವುದು ಆ ಚೀರಾಟದ ಬಗ್ಗೆಯೇ. ಮೊದಲ ಒಂದು ಗಂಟೆ ಮೌನವನ್ನು ಅಷ್ಟು ಚೆನ್ನಾಗಿ ಬಳಸಿಕೊಂಡವರು, ಆಮೇಲೆ ಗಳಿಗೆಗೊಮ್ಮೆ ಏನನ್ನಾದರೂ ಧಡಾರನೆ ಬೀಳಿಸುತ್ತಾರೆ, ಗೊಂಬೆಗಳನ್ನು ಮುಖಕ್ಕೆ ಎಸೆಯುತ್ತಾರೆ. ಬೆಚ್ಚಿಬೀಳುವುದೇ ಬೇರೆ, ಹೆದರುವುದೇ ಬೇರೆ. ಹೆಂಡತಿಯ ಪ್ರೇತ ನಮ್ಮನ್ನು ಹಿಡಿದರೂ ಆಟವೇನೂ ಮುಗಿಯುವುದಿಲ್ಲ. ಮತ್ತೆಲ್ಲೋ ಎಚ್ಚರಗೊಂಡು ಮುಂದುವರಿಯುತ್ತೇವೆ. ಸಾವಿನ ಅಂಜಿಕೆಯಿಲ್ಲದ ಆಟ ನಮ್ಮನ್ನು ಹಿಡಿದಿಡಬೇಕಾದರೆ ಅನುಮಾನವೊಂದೇ ದಾರಿ, ಆ ಅನುಮಾನವನ್ನು ಗದ್ದಲ ಬಲುಬೇಗ ಸವೆಸುತ್ತದೆ. 2023ರಲ್ಲಿ ಅನ್‌ರಿಯಲ್ ಎಂಜಿನ್ 5 ಎಂಬ ಆಟ ತಯಾರಿಸುವ ತಂತ್ರಾಂಶವನ್ನು ಬಳಸಿ ಹೊಸದಾಗಿ ರೂಪಿಸಿದ ಆವೃತ್ತಿಯಲ್ಲಿ, ಪ್ರೇತವನ್ನು ಹಿಮ್ಮೆಟ್ಟಿಸಲು ಲಾಂದ್ರವೊಂದನ್ನು ಬೇರೆ ಕೊಟ್ಟಿದ್ದಾರೆ. ನೋಡಲು ಅದು ಬಹಳ ಚೆಂದವಾಗಿದೆಯಾದರೂ, ಬರಿಗೈಯಲ್ಲಿ ನಡೆಯುವ ಅಸಹಾಯಕತೆ ಅಲ್ಲಿ ಕಡಿಮೆಯಾಗಿದೆ.

ನಾವು ಮಾಡುವ ಆಯ್ಕೆಗಳಿಗೆ ತಕ್ಕಂತೆ ಮೂರು ಬಗೆಯ ಮುಕ್ತಾಯಗಳಿವೆ. ಒಂದರಲ್ಲಿ ಆತ ಬರೆದ ಹೆಂಡತಿಯ ಚಿತ್ರ ಕಣ್ಣೆದುರೇ ವಿಕಾರಗೊಳ್ಳುತ್ತದೆ. ಅದನ್ನು ಎಸೆಯಲು ಹೋದ ಕೋಣೆಯಲ್ಲಿ ಹಾಗೆಯೇ ಎಸೆದ ಚಿತ್ರಗಳ ರಾಶಿಯೇ ಬಿದ್ದಿರುತ್ತದೆ. ಇನ್ನೊಂದರಲ್ಲಿ ಆತ ತನ್ನದೇ ಚಿತ್ರವನ್ನು ಬರೆದು ಮುಗಿಸುತ್ತಾನೆ, ಅದಕ್ಕೆ ವಸ್ತುಸಂಗ್ರಹಾಲಯದಲ್ಲಿ ಜಾಗವೂ ಸಿಗುತ್ತದೆ. ಹೆಂಡತಿ ಮಗಳನ್ನು ಕಳೆದುಕೊಂಡವನಿಗೆ ಕೀರ್ತಿಯನ್ನು ಕೊಡಿಸುವ ಈ ಮುಕ್ತಾಯವೇ ಮೂರರಲ್ಲಿ ಅತ್ಯಂತ ಕ್ರೂರವಾದದ್ದೆಂದು ನನ್ನ ಅನಿಸಿಕೆ.

ಮೂಲ ಆಟ ಬಂದ 2016ರಲ್ಲೇ ಹೊರಬಂದ ‘ಇನ್‌ಹೆರಿಟೆನ್ಸ್’ ಎಂಬ ಕಿರು ವಿಸ್ತರಣೆಯನ್ನು ಬಿಡಬಾರದು. ಬೆಳೆದು ದೊಡ್ಡವಳಾದ ಮಗಳು ಆ ಮನೆಗೆ ಹಿಂದಿರುಗುತ್ತಾಳೆ. ಅವಳ ನೆನಪುಗಳಲ್ಲಿ ನಮ್ಮ ನೋಟ ಮಗುವಿನ ಎತ್ತರಕ್ಕೆ ಇಳಿದು, ಮೇಜು ಕುರ್ಚಿಗಳೆಲ್ಲ ತಲೆಯ ಮೇಲಕ್ಕೆ ಬೆಳೆದು ನಿಲ್ಲುತ್ತವೆ. ಅಪ್ಪನ ದೃಷ್ಟಿಯಿಂದಷ್ಟೇ ಹೇಳಿದ್ದ ಕಥೆಯನ್ನು ಅಲ್ಲಿ ಅವಳ ಕಡೆಯಿಂದ ಕೇಳುತ್ತೇವೆ.